ಎಡಮಗ್ಗುಲ ಆರು, ಬಲಮಗ್ಗುಲ ಐದು

ಒಂದು ಊರಿತ್ತು, ಊರು ಮುಗಿಯುವಲ್ಲಿ ಒಂದು ಜೌಗು ಇತ್ತು, ಜೌಗಿನ ಜೊಂಡಿನೊಳಗೆ ಹನ್ನೊಂದು ಚುಕ್ಕೆಬೆಕ್ಕುಗಳು ಇದ್ದವಂತೆ. ಹನ್ನೊಂದೂ ಕತ್ತಲಾದ ಮೇಲೆ ಮೀನು ಹಿಡಿದು, ಬೆಳಗಾದ ಮೇಲೆ ಮೈ ನೆಕ್ಕಿಕೊಂಡು ಮಲಗುತ್ತಿದ್ದವಂತೆ. ಆ ಊರಿನ ರಾಜ, ಅಂದರೆ ಸರ್ಕಾರ, ಒಂದು ದಿನ ಜೌಗಿಗೆ ಮಣ್ಣು ಸುರಿದು ಗೋದಾಮು ಕಟ್ಟಬೇಕೆಂದು ಹೊರಟಾಗ ಒಬ್ಬ ಹುಡುಗಿ ಏದುಸಿರು ಬಿಡುತ್ತ ಓಡಿಬಂದು, ‘ತಡೀರಿ, ತಡೀರಿ, ಇಲ್ಲಿ ಹನ್ನೊಂದು ಬೆಕ್ಕಿವೆ’ ಅಂದಳಂತೆ. ರಾಜ ಹುಲಿಗೆ ಹೆದರುವವನಲ್ಲ, ಕಣ್ಣೀರಿಗೆ ಕರಗುವವನಲ್ಲ, ಆದರೆ ಅಂಕಿ ಕಂಡರೆ ಮಾತ್ರ ಅವನಿಗೆ ಕೈಕಾಲು ಆಡುತ್ತಿರಲಿಲ್ಲ. ಮಣ್ಣಿನ ಲಾರಿಗಳು ಬಂದ ದಾರಿಗೆ ಸುಂಕವಿಲ್ಲದೆ ತಿರುಗಿಹೋದವು. ಬೆಕ್ಕುಗಳು ಸುಖವಾಗಿದ್ದವು, ಹುಡುಗಿಯೂ ಸುಖವಾಗಿದ್ದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಬೆಕ್ಕುಗಳ ಸುಖದುಃಖ ಬೆಕ್ಕುಗಳಿಗೇ ಗೊತ್ತು. ಹುಡುಗಿ ಮಾತ್ರ ಎರಡು ವರ್ಷವಾದ ಮೇಲೂ ಒಂದು ಬೆಳಿಗ್ಗೆ ಕಚೇರಿಗೆ ಹೋಗುವ ಬಸ್ಸಿನ ಕಿಟಕಿ ಪಕ್ಕ ಕುಳಿತು, ಎಣಿಸಬಾರದು ಎಂದು ಪಣ ತೊಟ್ಟೂ ಮತ್ತೆ ಜನರನ್ನು ಎಣಿಸುತ್ತಿದ್ದಳು. ನಿಲ್ದಾಣದಲ್ಲಿ ಸಾಲಾಗಿ ನಿಂತವರ ಬಲಗೆನ್ನೆ ಎಂಟು. ಅವರೆಲ್ಲ ಹತ್ತಿ ಆಚೆ ಬದಿಯ ಸೀಟುಗಳಲ್ಲಿ ಕುಳಿತಾಗ ಕಂಡ ಎಡಗೆನ್ನೆ ಐದು. ಒಟ್ಟು ಹದಿಮೂರು ಎಂದು ಮನಸ್ಸು ಕೂಡಿಸಿಯೇ ಬಿಟ್ಟಿತು, ಹೇಳಿದ ಮಾತು ಕೇಳದ ಮಗುವಿನ ಹಾಗೆ. ಬಲಗಿವಿಯಲ್ಲಿ ಕೆಂಪು ಓಲೆ ಹಾಕಿಕೊಂಡಿದ್ದ ಹೆಂಗಸೊಬ್ಬಳು ತಿರುಗಿದಳು, ಎಡಗಿವಿ ಬೋಳು. ಎಲ್ಲೋ ಬೀಳಿಸಿಕೊಂಡಿದ್ದಾಳೆ, ಅವಳಿಗಿನ್ನೂ ಗೊತ್ತಾಗಿಲ್ಲ. ಓಲೆಯವಳು ಒಬ್ಬಳು, ಬೋಳುಕಿವಿಯವಳು ಒಬ್ಬಳು. ‘ಅಮ್ಮಾ, ನಿಮ್ಮ ಓಲೆ’ ಅನ್ನಲು ಬಾಯಿ ತೆರೆದಳು, ಬಸ್ಸು ಗಕ್ಕನೆ ನಿಂತಿತು, ನಾಲಿಗೆ ಒಳಗೇ ಉಳಿಯಿತು. ಇಳಿದು ನಡೆಯುವಾಗ ಆ ಹೆಂಗಸು ದಿನವಿಡೀ ಒಂದೇ ಓಲೆಯಲ್ಲಿ ಓಡಾಡುವುದಕ್ಕೆ ತಾನೇ ಹೊಣೆ ಎಂಬಂತೆ ಇವಳ ಕಿವಿ ಬಿಸಿಯಾಯಿತು. ಚಿಕ್ಕಂದಿನಿಂದಲೂ ಅವಳ ಕಾಯಿಲೆ ಇದೇ. ಅಜ್ಜಿ ಏಳು ರಾಜಕುಮಾರರ ಕಥೆ ಶುರುಮಾಡಿದರೆ ಇವಳು ಒಬ್ಬೊಬ್ಬರ ಹೆಸರೂ ಕೇಳುವಳು. ಐದನೆಯವನ ಹೊತ್ತಿಗೆ ಅಜ್ಜಿಯ ಹೆಸರಿನ ಚೀಲ ಖಾಲಿ. ‘ಉಳಿದಿಬ್ಬರು ಮಲಗಿದಾರೆ ಕಣೇ, ಎಬ್ಬಿಸಬೇಡ’ ಎಂದು ಅಜ್ಜಿ ಅವಳ ಹಣೆಗೆ ಮೆತ್ತಗೆ ತಟ್ಟುವಳು. ಅವಳು ಸುಮ್ಮನಾಗುವಳು, ನಿದ್ದೆ ಮಾತ್ರ ಬರುತ್ತಿರಲಿಲ್ಲ. ಇಲ್ಲದವರನ್ನು ಎಣಿಸಿಬಿಟ್ಟಿದ್ದೇವಲ್ಲ ಎಂಬ ಕಸಿವಿಸಿ ಆಗಲೇ ಹುಟ್ಟಿದ್ದಿರಬೇಕು.

ಕಾಡುಪ್ರಾಣಿ ಎಣಿಸುವುದು ಅವಳ ಸರ್ಕಾರಿ ಕೆಲಸ; ಎರಡು ವರ್ಷದ ಹಿಂದೆ ಜೌಗಿಗೆ ಹದಿನೆಂಟು ಕ್ಯಾಮೆರಾ ಬೇಕೆಂದು ಬರೆದಿದ್ದಳು. ಬೆಚ್ಚನೆ ಮೈಯೊಂದು ಎದುರು ಹಾದರೆ ತಾವಾಗಿಯೇ ಫೋಟೋ ತೆಗೆಯುವ, ಮರದ ಗೂಟಕ್ಕೆ ಕಟ್ಟುವ ಸಣ್ಣ ಪೆಟ್ಟಿಗೆಗಳು ಅವು. ಕಾಲುದಾರಿಯ ಎರಡೂ ಬದಿಗೆ ಎದುರುಬದುರಾಗಿ ಜೋಡಿಜೋಡಿಯಾಗಿ ಕಟ್ಟಬೇಕು. ಚುಕ್ಕೆಬೆಕ್ಕಿನ ಎಡಮಗ್ಗುಲ ಚುಕ್ಕೆಯೇ ಬೇರೆ, ಬಲಮಗ್ಗುಲ ಚುಕ್ಕೆಯೇ ಬೇರೆ. ಎರಡೂ ಬದಿ ಒಟ್ಟಿಗೆ ಸಿಕ್ಕರೆ ಮಾತ್ರ ಇದು ಇಂಥದೇ ಬೆಕ್ಕು ಎಂದು ಹೇಳಬಹುದು. ಮೇಲಿನ ಕಚೇರಿಯಲ್ಲಿ ಯಾರೋ ಪುಣ್ಯಾತ್ಮರು ಅವಳ ಪತ್ರದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ಒಂದು ಬೆಕ್ಕಿಗೆ ಎರಡು ಕ್ಯಾಮೆರಾ ಏಕೆ? ಮದುವೆ ಫೋಟೋ ತೆಗೆಯುವುದೇ? ಒಂಬತ್ತು ಮಂಜೂರಾದವು. ಜೌಗಿನ ಕಾವಲುಗಾರ, ಎಲ್ಲರೂ ಮಾವ ಅನ್ನುವವನು, ಮೊಣಕಾಲುದ್ದ ಕೆಸರಲ್ಲಿ ಇಳಿದು ಒಂಬತ್ತನ್ನೂ ಕಟ್ಟಿದ. ಬೆಕ್ಕುಗಳು ತಮಗೆ ತೋಚಿದ ಕಡೆಯಿಂದ ತೋಚಿದ ಕಡೆಗೆ ನಡೆದವು. ಎಡಮಗ್ಗುಲು ತೋರಿಸಿ ಹೋದವು ಒಂದು ಕಡತಕ್ಕೆ, ಬಲಮಗ್ಗುಲು ತೋರಿಸಿ ಹೋದವು ಇನ್ನೊಂದು ಕಡತಕ್ಕೆ. ಎಡದಲ್ಲಿ ಆರು, ಬಲದಲ್ಲಿ ಐದು. ಇಂಥ ಹೊತ್ತಿನಲ್ಲಿ ಒಂದೇ ಬದಿ ಹಿಡಿದು ‘ಕನಿಷ್ಠ ಆರು’ ಎನ್ನಬೇಕೆಂದು ಅವಳೇ ಪರೀಕ್ಷೆಯಲ್ಲಿ ಬರೆದು ಮೆಚ್ಚುಗೆ ಗಿಟ್ಟಿಸಿದ್ದಳು. ಆದರೆ ಸರ್ಕಾರಿ ನಮೂನೆಯಲ್ಲಿ ‘ಪ್ರಾಣಿಗಳ ಸಂಖ್ಯೆ’ ಎಂಬುದರ ಎದುರು ಇದ್ದದ್ದು ಒಂದು ಚೌಕ, ಹಲ್ಲುಜ್ಜುವ ಬ್ರಷ್ಷಿನ ತಲೆಯಷ್ಟು. ಕನಿಷ್ಠ ಎಂಬ ಪದ ಅದರೊಳಗೆ ಹಿಡಿಸುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಎರಡೂ ಸಾಲನ್ನು ಕೂಡಿಸುವ ಸೂತ್ರ ಎಂದೋ ಹಾಕಿಟ್ಟಿದ್ದಳು. ಹನ್ನೊಂದು ಎಂದು ಬಂತು. ಅವಳು ಅದನ್ನು ನೋಡಿದಳು. ಎದ್ದುಹೋಗಿ ಚಹಾ ಕುಡಿದಳು. ಹಿಂದಿರುಗಿ ಬಂದಾಗಲೂ ಅದು ಹನ್ನೊಂದಾಗಿಯೇ ಇತ್ತು. ಹೊರಗೆ ಜೌಗಿನ ದಂಡೆಯಲ್ಲಿ ಲಾರಿಗಳ ಸಾಲು ಕಾಯುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ಬೆಕ್ಕಿನ ಮೇಲೆ ಅದು ವೃಥಾ ಆರೋಪ, ಕಣ್ಣು ಮುಚ್ಚಿದ್ದವಳು ಇವಳು.

ಕಾವಲುಗಾರ ಮಾವ ಫೋಟೋಗಳನ್ನು ಹರಡಿಕೊಂಡು ಕುಳಿತಾಗ, ಎಡದ ನಾಲ್ಕನೆಯದರ ಮೇಲೂ ಬಲದ ಒಂದನೆಯದರ ಮೇಲೂ ಬೆರಳಿಟ್ಟು, ‘ಎರಡೂ ಮೋಟುಬಾಲ. ಒಂದೇ ಬೆಕ್ಕಲ್ವೇನಮ್ಮಾ ಇದು? ಬಾಲ ತುಂಡಾದೋವು ಎರಡೆರಡು ಎಲ್ಲಿಂದ ಬರ್ತವೆ, ಬಾಲ ಕತ್ತರಿಸೋ ಅಂಗಡಿ ಇದೆಯಾ ಅಲ್ಲಿ?’ ಅಂದಿದ್ದ. ‘ನೋಡೋಣ ಮಾವ’ ಅಂದಿದ್ದಳು. ಆ ‘ನೋಡೋಣ’ಕ್ಕೆ ಈಗ ಎರಡು ವರ್ಷ.

ಆಮೇಲಿನದು ತಾನೇ ತಾನಾಗಿ ನಡೆಯಿತು. ನಿರ್ದೇಶಕರು ಹನ್ನೊಂದನ್ನು ಸಿಹಿ ಹಂಚುವವರ ಹಾಗೆ ಮೇಲಕ್ಕೆ ಹೊತ್ತೊಯ್ದರು. ಮೇಲಿನವರು ‘ಹತ್ತು ಅಥವಾ ಹೆಚ್ಚು ಚುಕ್ಕೆಬೆಕ್ಕುಗಳಿರುವ ಜೌಗಿಗೆ ಮಣ್ಣು ಸುರಿಯಕೂಡದು’ ಎಂದು ನಿಯಮ ಮಾಡಿದರು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು, ಅದೂ ಪಕ್ಕದಿಂದ ತೆಗೆದದ್ದು, ಎಡಮಗ್ಗುಲು. ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಊಟದ ಮೇಜಿನ ಎದುರು ತೂಗುಹಾಕಿದಳು. ಮನೆಗೆ ಬಂದವರಿಗೆಲ್ಲ, ಗ್ಯಾಸಿನವನಿಗೂ ಬಿಡದೆ, ‘ಹನ್ನೊಂದು! ನನ್ನ ಮಗಳೇ ಹುಡುಕಿದ್ದು!’ ಎಂದು, ಹನ್ನೊಂದನ್ನೂ ತಾನೇ ಹೆತ್ತವಳ ಹಾಗೆ ಹೇಳುವಳು. ಕಚೇರಿಯಲ್ಲಿ ಅವಳ ಹೆಸರು ಹನ್ನೊಂದಮ್ಮ ಆಯಿತು. ಇದೆಲ್ಲ ಹೇಗೋ ಜೀರ್ಣವಾಗುತ್ತಿತ್ತೇನೋ. ಆದರೆ ನಾಲ್ಕು ತಿಂಗಳ ಹಿಂದೆ ದೂರದ ಇನ್ನೊಂದು ಜೌಗಿನಿಂದ ಫೋನು ಬಂತು. ಎಳೆಯ ದನಿ, ಮಾತು ಮಾತಿಗೂ ಅಕ್ಕಾ. ‘ಅಕ್ಕಾ, ನಾನೂ ನಿಮ್ಮ ಹಾಗೇ ಬೆಕ್ಕು ಎಣಿಸೋಳು. ನಮ್ಮ ಕಡೆ ಎಂಟೇ ಸಿಗ್ತಿವೆ ಅಕ್ಕಾ. ನಿಯಮಕ್ಕೆ ಹತ್ತು ಬೇಕಂತೆ. ನಿಮ್ಮ ಜೌಗು ನಮ್ಮದರ ಅರ್ಧನೂ ಇಲ್ಲ, ಹನ್ನೊಂದು ಹೇಗೆ ಸಿಕ್ತು? ನಾನೇ ಎಲ್ಲೋ ಎಡವ್ತಿದೀನಿ. ನಿಮ್ಮ ವಿಧಾನ ಒಂದು ಹಾಳೆಲಿ ಬರೆದು ಕಳಿಸ್ತೀರಾ?’ ಕಳಿಸುತ್ತೇನೆ ಅಂದಳು. ‘ಮಾತು ಕೊಟ್ರಿ ನೋಡಿ ಅಕ್ಕಾ’ ಅಂತು ದನಿ. ‘ಕೊಟ್ಟೆ’ ಅಂದಳು. ಅಂದಿನಿಂದ ಒಂದು ಬಿಳಿ ಹಾಳೆ ಅವಳ ಚೀಲದಲ್ಲೇ ಮನೆಗೆ ಹೋಗಿ ಕಚೇರಿಗೆ ಬಂದು, ಅಂಚು ಮಡಚಿಕೊಂಡು, ಬೆನ್ನು ಕೊಂಚ ಗೂನಾಗಿ, ಮುದಿಯಾಗುತ್ತಿತ್ತು. ‘ವಿಧಾನ’ ಎಂಬ ಪದದ ಕೆಳಗೆ ಎಳೆದ ಗೆರೆಯ ಆಚೆ ಅವಳ ಪೆನ್ನು ದಾಟಿರಲಿಲ್ಲ.

ಆ ಬೆಳಿಗ್ಗೆ ಬಸ್ಸಿಳಿದು ಬಂದವಳನ್ನು ಕಚೇರಿಯ ಬಾಗಿಲಲ್ಲೇ ಟಪಾಲು ಅಕ್ಕ ಅಡ್ಡಹಾಕಿದಳು. ಬರುವ ಹೋಗುವ ಕಾಗದಕ್ಕೆಲ್ಲ ಮೊಹರು ಒತ್ತುವುದು ಅವಳ ಕೆಲಸ. ಕಾಗದಕ್ಕಿಂತ ಮೊದಲು ಸುದ್ದಿಗೆ ಒತ್ತುತ್ತಿದ್ದಳು. ‘ಹನ್ನೊಂದಮ್ಮಾ, ಇವತ್ತು ನಿನ್ನ ಭಾಗ್ಯ ಕಣೇ. ಕಾರ್ಯದರ್ಶಿ ಮೇಡಂ ಖುದ್ದು ಬಂದಿದಾರೆ. ಎಲ್ಲಾ ಜೌಗಿನೋರಿಗೂ ನೀನೇ ಪಾಠ ಮಾಡ್ಬೇಕಂತೆ. ನಿರ್ದೇಶಕ ಸಾಹೇಬ್ರು ಬೆಳಿಗ್ಗೆಯಿಂದ ಮೂರು ಸಲ ತಲೆ ಬಾಚಿದ್ರು, ಇರೋ ನಾಲ್ಕು ಕೂದಲೂ ಸುಸ್ತಾಗಿವೆ.’

‘ಯಾರ್ಯಾರು ಬಂದಿದಾರೆ ಅಕ್ಕಾ?’

‘ಬೇರೆ ಜೌಗಿನ ಕಡೆಯಿಂದ ಇವತ್ತಿಗೆ ಒಂದು ಹುಡುಗಿ ಮಾತ್ರ. ಬಸ್ಸು ಬದಲಾಯಿಸಿ ಬದಲಾಯಿಸಿ ಬಂದಿದೆ ಪಾಪ. ನಿನ್ನೇ ಕೇಳ್ತಿತ್ತು. ಯಾಕೆ, ಮುಖ ಯಾಕೆ ಹಾಗೆ ಬಿಳಿಚ್ಕೊಂಡೆ?’

ಕೈತೊಳೆಯುವ ನಲ್ಲಿಯ ಹತ್ತಿರ ಆ ಹುಡುಗಿ ಸಿಕ್ಕಿದಳು. ಚಪ್ಪಲಿಯ ಅಂಚಿನಲ್ಲಿ ಒಣಗಿದ ಕೆಸರು, ಎದೆಗವಚಿಕೊಂಡ ಕಡತ. ಫೋನಿನ ದನಿಗಿಂತ ಅವಳ ಕಣ್ಣು ಇನ್ನೂ ಎಳೆಯದು. ‘ನೀವೇ ಅಲ್ವಾ? ಫೋಟೋದಲ್ಲಿ ಒಂದೇ ಕಡೆ ಕಾಣ್ತಿತ್ತು, ಆದ್ರೂ ಗುರುತು ಹಿಡಿದೆ’ ಎಂದು ನಕ್ಕಳು. ಆಮೇಲೆ ತಗ್ಗಿದ ದನಿಯಲ್ಲಿ, ‘ಅಕ್ಕಾ, ಬೈಬೇಡಿ. ನಿಮ್ಮ ಕಾಗದ ಬರದೇ ಇದ್ದಾಗ ನಾನೇ ಮತ್ತೆ ಮೊದಲಿಂದ ಎಣಿಸಿದೆ. ಜೋಡಿ ಕ್ಯಾಮೆರಾ, ಎರಡೂ ಮಗ್ಗುಲು, ಎಲ್ಲಾ ಸರಿಯಾಗೇ ಇತ್ತು. ಆದ್ರೆ ನನಗೆ ನನ್ನ ಮೇಲೇ ಅನುಮಾನ ಬಂದು, ಒಂದು ಫೋಟೋ ಸ್ವಲ್ಪ ಮಸುಕಾಗಿತ್ತು ಅಂತ ತೆಗೆದುಹಾಕಿದೆ. ಈಗ ಏಳಾಗಿದೆ’ ಅಂದಳು. ಅತ್ತೇ ಬಿಡುತ್ತಾಳೇನೋ ಅನ್ನಿಸಿತು. ಅಳಲಿಲ್ಲ, ಮೂಗು ಒರೆಸಿಕೊಂಡಳು. ‘ನಾಳೆ ನಮ್ಮ ಜೌಗಿನ ಕಡತಕ್ಕೆ ಸಹಿ ಅಂತೆ. ಮಣ್ಣು ಸುರೀಬಹುದು ಅಂತ. ಇವತ್ತು ನಿಮ್ಮ ವಿಧಾನ ಕಲಿತ್ರೆ, ಹತ್ತಾಗಬಹುದು ಅಲ್ವಾ?’

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಇವಳು ತನ್ನ ಕೈಗಳನ್ನು ಎರಡನೆಯ ಸಲ ತೊಳೆದಳು, ಮೂರನೆಯ ಸಲ ತೊಳೆದಳು. ಆಗಬಹುದು ಅನ್ನಬಹುದಿತ್ತು, ಎಡ ಎಂಟು ಬಲ ಎಂಟು ಹದಿನಾರು, ಹದಿನಾರು ಬೆಕ್ಕಿನ ಜೌಗಿಗೆ ಯಾವ ಲಾರಿ ಬಂದೀತು. ದೇಶದ ಜೌಗುಗಳೆಲ್ಲ ಹೀಗೇ ತುಂಬಿ ತುಳುಕುವ ಚಿತ್ರ ಕಣ್ಣ ಮುಂದೆ ಬಂತು: ಜೊಂಡಿಗಿಂತ ಬೆಕ್ಕು ದಟ್ಟ, ಮೀನೊಂದಕ್ಕೆ ನಲವತ್ತು ಪಂಜ, ಅರ್ಧದಷ್ಟು ಬೆಕ್ಕಿಗೆ ಎಡಮಗ್ಗುಲಿಲ್ಲ, ಉಳಿದರ್ಧಕ್ಕೆ ಬಲಮಗ್ಗುಲಿಲ್ಲ, ಕಾಗದದ ಗೊಂಬೆಗಳ ಹಾಗೆ ಗಾಳಿಗೆ ಪಟಪಟ ಅನ್ನುತ್ತ ಅಲೆಯುತ್ತಿವೆ. ನಗು ಬಂತು, ನಲ್ಲಿ ನಿಲ್ಲಿಸಿದಳು. ‘ಇವತ್ತು ಹೇಳ್ತೀನಿ’ ಅಂದಳು. ಹೇಳಿದ ಮೇಲೆ ಅದು ಬೆದರಿಕೆಯೋ ಭರವಸೆಯೋ ಅವಳಿಗೇ ತಿಳಿಯಲಿಲ್ಲ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಗೆ ಕಪ್ಪುಹಲಗೆ, ತಟ್ಟೆಯಲ್ಲಿ ಬಿಸ್ಕತ್ತು. ಕಾರ್ಯದರ್ಶಿ ಮೇಡಂ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮುನ್ನ ಬಾಯಿಗೆ ಹಾಕಿಕೊಳ್ಳುವುದರಲ್ಲಿ ನಿಪುಣೆ. ನಿಯಮಗಳನ್ನೂ ಅಷ್ಟೇ ಚುರುಕಾಗಿ ಮಾಡುತ್ತಾರೆಂದು ಹೆಸರು. ‘ಎಲ್ಲಾ ಜೌಗಿಗೂ ಒಂದೇ ವಿಧಾನ ಇರ್ಲಿ. ಹನ್ನೊಂದು ಎಣಿಸಿದ ವಿಧಾನನೇ ಇರ್ಲಿ. ಹೇಳಮ್ಮಾ, ನನ್ನಂಥ ದಡ್ಡಿಗೂ ಅರ್ಥ ಆಗೋ ಹಾಗೆ ಹೇಳು’ ಅಂದರು. ನಿರ್ದೇಶಕರು ಹೆಮ್ಮೆಯಿಂದ ಕುರ್ಚಿಯಲ್ಲಿ ಹಿಂದಕ್ಕೊರಗಿದರು. ಅವಳು ಸೀಮೆಸುಣ್ಣ ಹಿಡಿದು ನಿಂತಳು. ಹಲಗೆಯ ಮೇಲೆ ‘ವಿಧಾನ’ ಎಂದು ಬರೆದು ಗೆರೆ ಎಳೆದಳು. ಅಲ್ಲಿಗೆ ಕೈ ನಿಂತಿತು. ಹಿಂದಿನಿಂದ ಚಹಾ ಹೀರುವ ಸದ್ದು, ಫ್ಯಾನಿನ ಕಿರ್‍ರ್ ಸದ್ದು, ಯಾರೋ ಕೆಮ್ಮಿದ್ದು. ಬಾಲ್ಯದಲ್ಲೂ ಹೀಗೇ ಹಲಗೆಯ ಮುಂದೆ ಬೆವೆತು ನಿಂತಿದ್ದಾಗ ಟೀಚರು ‘ಬೆನ್ನು ತೋರಿಸಿ ನಿಂತ್ರೆ ಉತ್ತರ ಬೆನ್ನಲ್ಲಿ ಬರುತ್ತಾ?’ ಅಂದಿದ್ದರು, ತರಗತಿಯೆಲ್ಲ ಗೊಳ್ಳೆಂದಿತ್ತು. ತಿರುಗಿದಳು. ಮೇಜಿನ ಈ ಬದಿಗೆ ಮೇಡಂ, ಆ ಬದಿಗೆ ಪೆನ್ನಿನ ಮುಚ್ಚಳ ತೆಗೆದು ಕಾದಿರುವ ಹುಡುಗಿ, ನಡುವೆ ಮೇಜಿನ ತುದಿಯಲ್ಲಿ ನಿರ್ದೇಶಕರು.

‘ಸಾರ್, ಒಂದ್ನಿಮಿಷ ಎದ್ದು ನಿಲ್ತೀರಾ?’

ಏನೋ ಸನ್ಮಾನವಿರಬೇಕೆಂದು ನಿರ್ದೇಶಕರು ಅಂಗಿ ಎಳೆದುಕೊಂಡು ಎದ್ದರು.

‘ಬಾಗಿಲ ಕಡೆ ಮುಖ ಮಾಡಿ ಸಾರ್. ಅಲ್ಲಾಡಬೇಡಿ. ಮೇಡಂ, ನಿಮಗೆ ಏನ್ ಕಾಣ್ತಿದೆ?’

‘ಕೆನ್ನೆ ಮೇಲೆ ಮಚ್ಚೆ’ ಅಂದರು ಮೇಡಂ. ‘ಜೇಬಲ್ಲಿ ಎರಡು ಪೆನ್ನು.’

‘ನಿನಗೆ?’

ಹುಡುಗಿ ಹಿಂದೆಮುಂದೆ ನೋಡಿ, ‘ಮಚ್ಚೆ ಇಲ್ಲ ಅಕ್ಕಾ. ಜೇಬೂ ಇಲ್ಲ. ಕಿವಿ ಹತ್ರ... ಶೇವಿಂಗ್ ಸೋಪು ಒಣಗಿದೆ’ ಅಂದಳು.

‘ಬರ್ಕೊಳ್ಳಿ’ ಅಂದಳು ಇವಳು. ‘ಮಚ್ಚೆಯ ಸಾಹೇಬ್ರು ಒಬ್ರು. ಸೋಪಿನ ಸಾಹೇಬ್ರು ಒಬ್ರು. ಒಟ್ಟು ಇಬ್ರು.’

ಮೇಡಂ ಬಿಸ್ಕತ್ತು ಸಮೇತ ನಕ್ಕರು. ‘ಅಯ್ಯಯ್ಯೋ, ಒಬ್ರನ್ನೇ ಸಹಿಸ್ಕೊಳ್ಳೋಕಾಗ್ತಿಲ್ಲ!’ ನಿರ್ದೇಶಕರು ಕಿವಿ ಒರೆಸಿಕೊಳ್ಳುತ್ತ ತಾವೂ ನಕ್ಕರು. ಆ ನಗು ಮುಗಿಯುವವರೆಗೆ ಅವಳು ಕಾದಳು. ಅಷ್ಟು ಒಳ್ಳೆಯ ನಗುವನ್ನು ಕೆಡಿಸುವುದು ಪಾಪವೆನಿಸಿತು.

‘ಹನ್ನೊಂದು ಎಣಿಸಿದ್ದು ಹೀಗೇ ಮೇಡಂ’ ಅಂದಳು. ‘ಎಡಮಗ್ಗುಲು ಆರು, ಬಲಮಗ್ಗುಲು ಐದು. ನಾನು ಕೂಡಿಸಿಬಿಟ್ಟೆ.’

ಮೇಡಂ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು, ಅವರು ನೋಡಲಿಲ್ಲ. ‘ಸರಿಯಾದ್ದು ಎಷ್ಟು?’

‘ಆರಕ್ಕಿಂತ ಕಡಿಮೆ ಇಲ್ಲ. ಮೋಟುಬಾಲದ್ದು ಎರಡೂ ಕಡೆ ಒಂದೇ ಬೆಕ್ಕು ಅಂತ ಗೊತ್ತಾಗುತ್ತೆ. ಹಾಗಾಗಿ ಫೋಟೋಗೆ ಸಿಕ್ಕಿರೋದು ಹತ್ತಕ್ಕಿಂತ ಜಾಸ್ತಿ ಇರೋಕೆ ಸಾಧ್ಯ ಇಲ್ಲ.’

‘ಹತ್ತು!’ ನಿರ್ದೇಶಕರು ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕ ಹಾಗೆ ಮೇಜು ಬಡಿದರು. ‘ಹತ್ತು ಸಾಕಲ್ಲ! ನಿಯಮ ಇರೋದೇ ಹತ್ತು! ಹತ್ತು ಅಂತ ಬರೆದುಬಿಡಮ್ಮಾ, ಯಾರಿಗೂ ನಷ್ಟ ಇಲ್ಲ.’

ಎಂಥ ದುಂಡನೆಯ, ಮುದ್ದಾದ ಅಂಕಿ. ಚೌಕದೊಳಗೆ ಸರಿಯಾಗಿ ಕೂರುತ್ತದೆ. ಜೌಗು ಉಳಿಯುತ್ತದೆ, ಗೋಡೆಯ ಮೇಲಿನ ಫೋಟೋ ಉಳಿಯುತ್ತದೆ, ಒಂದು ಬೆಕ್ಕನ್ನು ಪ್ರಾಮಾಣಿಕವಾಗಿ ಬಿಟ್ಟುಕೊಟ್ಟ ಕೀರ್ತಿಯೂ ಸಿಗುತ್ತದೆ. ಅವಳ ನಾಲಿಗೆ ಹತ್ತರ ಹತ್ತಿರ ಹೋಗಿ ಮೂಸಿತು. ಮೇಜಿನಾಚೆ ಹುಡುಗಿ ತನ್ನ ಕಡತದ ಮೇಲಿನ ‘ಏಳು’ ಎಂಬುದನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು, ಪರೀಕ್ಷೆಯಲ್ಲಿ ಪಕ್ಕದವರಿಂದ ಉತ್ತರ ಮರೆಮಾಡುವವಳ ಹಾಗಲ್ಲ, ತಪ್ಪು ಮರೆಮಾಡುವವಳ ಹಾಗೆ.

‘ಹತ್ತು ಇರಬಹುದು ಸಾರ್’ ಅಂದಳು. ‘ಇವೆ ಅಂತ ನಾನು ಹೇಳಬಲ್ಲದ್ದು ಆರು.’

‘ಅಡ್ಡಗೋಡೆ ಮೇಲೆ ದೀಪ ಇಡೋದು ಅಂದ್ರೆ ಇದೇ’ ಎಂದು ನಿರ್ದೇಶಕರು ಕುಸಿದು ಕೂತರು. ‘ಮೇಡಂ, ನೀವೇ ಹೇಳಿ, ಹತ್ತು ಅಂತ ಸರ್ಕಾರನೇ ಗೊತ್ತುಮಾಡಿದ ಮೇಲೆ, ನಾವು ಅದಕ್ಕಿಂತ ಮೇಲಿದೀವಿ ಅಂದ್ರೆ, ಸರಿಯಾಗೇ ಎಣಿಸಿದೀವಿ ಅಂತ ತಾನೇ ಅಂದ್ಕೋಬೇಕು?’

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ‘ಆ ಹತ್ತು ಎಲ್ಲಿಂದ ಬಂತು ಅಂತ ಗೊತ್ತೇನ್ರೀ ನಿಮಗೆ? ನಿಮ್ಮ ಹನ್ನೊಂದು ನನ್ನ ಮೇಜಿಗೆ ಬಂತು. ಒಳ್ಳೇ ಜೌಗು, ಉಳೀಲಿ ಅಂತ ಒಂದು ಕಳೆದು, ದುಂಡಗೆ ಹತ್ತು ಅಂತ ಬರೆದೆ. ನಾನು ಅದನ್ನ ವಿಜ್ಞಾನ ಅಂದ್ಕೊಂಡೆ. ನೀವು ನಂದನ್ನ ಕಾನೂನು ಅಂದ್ಕೊಂಡ್ರಿ. ಚೆನ್ನಾಗಿದೆ!’ ಕನ್ನಡಕ ಹಾಕಿಕೊಂಡು ಇವಳತ್ತ ತಿರುಗಿದರು. ದನಿಯಲ್ಲಿ ಈಗ ತಮಾಷೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ‘ಬರೆದುಕೊಡಮ್ಮಾ. ಬಾಯಿಮಾತಿಗೆ ಕಡತದಲ್ಲಿ ಜಾಗ ಇಲ್ಲ. ಆದ್ರೆ ಬರೆಯೋ ಮುಂಚೆ ಕೇಳ್ಕೋ. ನಿನ್ನ ಕಾಗದಕ್ಕೆ ಮೊಹರು ಬಿದ್ದ ಗಳಿಗೆಯಿಂದ ನಿನ್ನ ಜೌಗು ಪಟ್ಟಿಯಿಂದ ಹೊರಗೆ. ಅಲ್ಲಿನ ಗೋದಾಮಿಗೆ ಹಿಂದೇ ಸಹಿ ಆಗಿದೆ, ಹೊಸ ನಿಯಮ ಆಗೋವರೆಗೂ ಲಾರಿ ಬಂದ್ರೆ ನನ್ನ ಕೈಲಿ ಏನೂ ಇಲ್ಲ. ಈ ಹುಡುಗಿ ಜೌಗಿನ ಕಡತಕ್ಕೆ ಮಾತ್ರ ನಾಳೆ ನಾನು ಸಹಿ ಹಾಕಲ್ಲ. ಹತ್ತೇ ಟೊಳ್ಳು ಅಂತ ಗೊತ್ತಾದ ಮೇಲೆ ಯಾವ ಮುಖ ಇಟ್ಕೊಂಡು ಹಾಕ್ಲಿ? ನೀನು ಬರೀದೇ ಇದ್ರೆ, ನಾನೇನೂ ಕೇಳಿಸ್ಕೊಂಡಿಲ್ಲ, ನಾಳೆ ಆ ಸಹಿ ಬೀಳುತ್ತೆ.’

ಅತ್ತ ದರಿ, ಇತ್ತ ಪುಲಿ. ನಡುವೆ ಇವಳು ಎಣಿಸಿದ ಬೆಕ್ಕು. ಅವಳು ಕುರ್ಚಿ ಎಳೆದುಕೊಂಡು ಕೂತು ಚೀಲದಿಂದ ಆ ಹಾಳೆ ತೆಗೆದಳು. ಜೌಗಿನ ದಂಡೆಯಲ್ಲಿ ಮಾವ ಕೆಸರುಗಾಲು ಇಳಿಬಿಟ್ಟು ಬೀಡಿ ಹಚ್ಚುತ್ತಿರಬಹುದು. ಮೋಟುಬಾಲದ್ದು ಈ ಹೊತ್ತಿಗೆ ನಿದ್ದೆಯಲ್ಲಿರುತ್ತದೆ, ಎಡಮಗ್ಗುಲಾಗಿಯೋ ಬಲಮಗ್ಗುಲಾಗಿಯೋ; ತಾನು ಎರಡು ವರ್ಷ ಇಬ್ಬರಾಗಿ ಬಾಳಿದ್ದೂ ಅದಕ್ಕೆ ಗೊತ್ತಿಲ್ಲ, ಈಗ ಒಬ್ಬಂಟಿಯಾಗುವುದೂ ಗೊತ್ತಾಗುವುದಿಲ್ಲ. ಲಾರಿ ಬಂದರೆ ಗೊತ್ತಾಗುತ್ತದೆ. ಪೆನ್ನಿನ ತುದಿ ಹಾಳೆಗೆ ತಾಗಿ ಒಂದು ಚುಕ್ಕೆ ಬಿತ್ತು, ಚುಕ್ಕೆ ಹಿಗ್ಗಿತು. ಯಾರೂ ಅವಳನ್ನು ಅವಸರಪಡಿಸಲಿಲ್ಲ, ಅದೇ ಕಷ್ಟವಾಗಿತ್ತು. ಆಮೇಲೆ ಬರೆದಳು. ಕ್ಯಾಮೆರಾ ಜೋಡಿಯಾಗಿಯೇ ಇರಬೇಕು. ಒಂಟಿಯಾಗಿದ್ದರೆ ಒಂದು ಮಗ್ಗುಲನ್ನು ಮಾತ್ರ ಎಣಿಸಬೇಕು, ಎರಡನ್ನು ಎಂದೂ ಕೂಡಿಸಬಾರದು. ಸಂಖ್ಯೆಗೆ ಮೊದಲು ‘ಕನಿಷ್ಠ’ ಎಂದು ಬರೆಯಬೇಕು. ಚೌಕದಲ್ಲಿ ಹಿಡಿಸದಿದ್ದರೆ ಚೌಕವನ್ನು ದೊಡ್ಡದು ಮಾಡಬೇಕು. ನಾನು ಒಂಟಿ ಕ್ಯಾಮೆರಾ ಇಟ್ಟೆ, ಎರಡೂ ಮಗ್ಗುಲು ಕೂಡಿಸಿದೆ, ತಿಳಿದೂ ಸುಮ್ಮನಿದ್ದೆ. ನಮ್ಮ ಜೌಗಿನಲ್ಲಿ ಚುಕ್ಕೆಬೆಕ್ಕುಗಳು ಕನಿಷ್ಠ ಆರು. ‘ತಿಳಿದೂ’ ಎಂಬುದನ್ನು ಹೊಡೆದುಹಾಕಲು ಪೆನ್ನು ಒಮ್ಮೆ ಹಿಂದಿರುಗಿತು, ಅದರ ಮೇಲೆ ಸ್ವಲ್ಪ ಹೊತ್ತು ನಿಂತು, ಮುಂದೆ ಹೋಗಿ ಸಹಿ ಮಾಡಿತು.

ಟಪಾಲು ಅಕ್ಕ ಕಾಗದವನ್ನು ಓದದೆ ಮೊಹರು ಒತ್ತುವವಳಲ್ಲ. ಓದಿದಳು. ಇವಳ ಮುಖ ನೋಡಿದಳು, ಮತ್ತೆ ಓದಿದಳು. ‘ಅಮ್ಮನಿಗೆ ಹೇಳಿದೀಯೇನೇ?’

‘ಇನ್ನೂ ಇಲ್ಲ.’

‘ಹುಂ’ ಅಂದಳು. ಮೊಹರಿಗೆ ಶಾಯಿ ಸಾಲದೆಂದು ಎರಡು ಸಲ ಉಫ್ ಎಂದು ಊದಿ, ಒತ್ತಿದಳು.

ಮೂಲಪ್ರತಿ ಮೇಡಂ ಕಡತಕ್ಕೆ ಹೋಯಿತು. ಇನ್ನೊಂದು ಪ್ರತಿ ಹಿಡಿದು ಅವಳು ಮೆಟ್ಟಿಲ ಹತ್ತಿರ ಬಂದಾಗ ಹುಡುಗಿ ಕಿಟಕಿಯ ಬೆಳಕಿನಲ್ಲಿ ಮತ್ತೆ ಎಂಟು ಬರೆಯಲು ಕಡತದ ಮೇಲಿನ ಏಳನ್ನು ರಬ್ಬರಿನಿಂದ ತಿಕ್ಕುತ್ತಿದ್ದಳು. ಇವಳು ಹಾಳೆ ನೀಡಿದಳು. ಹುಡುಗಿ ಪುಡಿ ಊದಿ, ಕೈ ಒರೆಸಿಕೊಂಡು ತೆಗೆದುಕೊಂಡಳು. ತುಟಿ ಅಲ್ಲಾಡಿಸುತ್ತ ಮೇಲಿನಿಂದ ಕೆಳಗಿನವರೆಗೆ ಓದಿದಳು, ತಿರುಗಿಸಿ ಹಿಂಬದಿಯಲ್ಲೂ ಏನಾದರೂ ಇದೆಯೇ ಎಂದು ನೋಡಿದಳು.

‘ಇಷ್ಟೇನಾ ಅಕ್ಕಾ? ಇದು ನನಗೆ ಮೊದಲೇ ಗೊತ್ತಿತ್ತಲ್ಲ!’

‘ನನಗೂ ಗೊತ್ತಿತ್ತು’ ಅಂದಳು ಅವಳು.